ಫರಶಿ ಕೆಳಗಿನ ಮೂರನೇ ಹೆಸರು

ದೋಸ್ತರೇ, ಇವತ್ತ ಭಂಕೂರದಾಗ ನನ್ನ ಗೆಳೆಯ ಮಲ್ಲ್ಯಾನ ಮನಿ ನೆಲದ ಫರಶಿಕಲ್ಲು ಕೀಳಾಕತ್ತಿದ್ರು. ಅದನ್ನ ಹಾಸೋ ದಿನ, ಹತ್ತು ವರ್ಷದವರಿದ್ದ ನಾವಿಬ್ರೂ ಒಂದು ಕಲ್ಲಿನ ಹಿಂಬದಿಗೆ ಮೊಳಿಲಿಂದ ನಮ್ಮ ಹೆಸರು ಕೊರೆದಿದ್ವಿ. ಆಮ್ಯಾಲ ಹುಡುಗರ ಕಾದಂಬರಿಯೊಂದು ಓದಿ, ಅದರಾಗಿನ ಹಾಂಗ ನಾವೂ ಸಿದ್ಯಾ ಅನ್ನೋ ಇಲ್ಲದ ಗೆಳೆಯನ್ನ ಹುಟ್ಟಿಸಿದ್ವಿ. ಗಡಿಗಿ ಒಡದ್ರೂ, ಬೆಲ್ಲ ಕದ್ರೂ "ಸಿದ್ಯಾ ಮಾಡ್ಯಾನ್ರಿ" ಅಂತಿದ್ವಿ.

ಇವತ್ತ ಗೌಂಡಿ ಆ ಕಲ್ಲು ಮಗಚಿದ. ನಮ್ಮ ಹೆಸರಿನ ಕೆಳಗ ಬ್ಯಾರೆ ಕೈಬರಹ: "ನಾ ಏನೂ ಮಾಡಿಲ್ಲ. ಸಿದ್ಯಾ."

"ನೀ ಬರದೇನಲೇ?" ಅಂದೆ.

"ನಿನ್ನಾಣಿ, ಇಲ್ಲ" ಅಂದ ಮಲ್ಲ್ಯಾ. "ಹಾಸಿದ ಮ್ಯಾಲ ಈ ಕಲ್ಲು ಯಾರೂ ಎತ್ತಿಲ್ಲ."

ಗೌಂಡಿ ಕೇಳಿದ, "ಸಿದ್ಯಾ ಯಾರ್ರೀ?"

ನಮ್ಮ ಮೂವರೊಳಗ ಖರೇ ಹೇಳಿದಂವ ಸಿದ್ಯಾ ಒಬ್ನೇ.