ಗಾಳಿ ಪೈಪು ಹಿಡಿದ ಅಕ್ಕ

ಮೆತ್ತನೆಯ ಗೊಂಬೆ ಮಾಡುವ ಕಾರ್ಖಾನೆಯಲ್ಲಿ ಕೆಲಸ ಎಂದರೆ ಸಾಕು, ಕೇಳಿದವರ ಮುಖ ಅರಳಿಬಿಡುತ್ತದೆ. "ಏನ್ ಪುಣ್ಯ ರೀ ನಿಮ್ದು! ದಿನವಿಡೀ ಕರಡಿಮರಿ, ಮೊಲದಮರಿ ಜೊತೆ!" ಹಾಗೆ ಅಂದವರನ್ನು ಒಂದು ಮಧ್ಯಾಹ್ನ ಕರೆತಂದು ಅಕ್ಕನ ಮೇಜಿನ ಮುಂದೆ ನಿಲ್ಲಿಸಬೇಕು. ರೋಮದ ಬಟ್ಟೆಯನ್ನು ಪದರದ ಮೇಲೆ ಪದರ ಹಾಸಿ, ಕರೆಂಟಿನ ಕತ್ತಿಯನ್ನು ಅದರೊಳಗೆ ತೂರಿಸಿದ ಕೂಡಲೇ ಸಣ್ಣ ಸಣ್ಣ ಎಳೆಗಳು ಏಳುತ್ತವೆ. ರೆಪ್ಪೆಯ ಮೇಲೆ, ಕಿವಿಯೊಳಗೆ, ಟೀ ಲೋಟದ ಕೆನೆಯ ಮೇಲೆ, ಎಲ್ಲೆಂದರಲ್ಲಿ ಕೂರುತ್ತವೆ. ಮೊಲದ ಬಟ್ಟೆ ಕತ್ತರಿಸಿದ ದಿನ ಇಡೀ ಶೆಡ್ಡು ಗುಲಾಬಿ, ಕರಡಿಯ ದಿನ ಕಂದು. ಸಿಂಬಳ ಸೀಟಿದರೆ ಅವತ್ತು ಯಾವ ಪ್ರಾಣಿ ಮಾಡಿದೆವು ಅಂತ ಗೊತ್ತಾಗುತ್ತದೆ ಎನ್ನುವುದು ಅಲ್ಲಿಯ ಹೆಂಗಸರದೇ ತಮಾಷೆ.

ಅಕ್ಕ ಅಂದರೆ ಇಡೀ ಕಾರ್ಖಾನೆಗೇ ಅಕ್ಕ. ವಯಸ್ಸಿನಲ್ಲಿ ಅವಳಿಗಿಂತ ದೊಡ್ಡವರಾದ ಯಜಮಾನರೂ ಹಾಗೇ ಕರೆಯುತ್ತಿದ್ದರು. ರೋಮ ಯಾವ ಕಡೆಗೆ ಬಾಗಿದೆ ಎಂಬುದನ್ನು ಅಂಗೈಯಲ್ಲಿ ಒಮ್ಮೆ ಸವರಿ ಹೇಳಿಬಿಡುತ್ತಿದ್ದಳು. ಅವಳು ಕತ್ತರಿಸಿದ ಕರಡಿಯ ಹೊಟ್ಟೆ ಮೇಲಿನಿಂದ ಕೆಳಕ್ಕೆ ನಯವಾಗಿ ಇಳಿಯುತ್ತಿತ್ತು. ಬೇರೆಯವರು ಕತ್ತರಿಸಿದ ಕರಡಿ ಆಗಷ್ಟೇ ಹಾಸಿಗೆಯಿಂದ ಎದ್ದು ಬಂದಂತೆ ಕೆದರಿಕೊಂಡಿರುತ್ತಿತ್ತು. ಬಾಯಿ ಮಾತ್ರ ಆ ಕತ್ತಿಗಿಂತ ಹರಿತ. ಬೈಯದೆ ಅವಳಿಗೆ ಒಂದು ಮಾತು ಆಡಲು ಬರುತ್ತಿರಲಿಲ್ಲ. ಆದರೆ ಯಾರಿಗಾದರೂ ಹುಷಾರಿಲ್ಲ ಎಂದರೆ ಅವರ ಕೆಲಸವನ್ನು ತನ್ನ ಮೇಜಿಗೆ ಎಳೆದುಕೊಂಡು, ಬೈಯುತ್ತಲೇ ಮಾಡಿ ಮುಗಿಸುವವಳೂ ಅವಳೇ. ಅಂಥವರ ಬೈಗುಳಕ್ಕೆ ಯಾರು ಬೇಜಾರು ಮಾಡಿಕೊಳ್ಳುತ್ತಾರೆ?

ಅವಳ ಒಡಹುಟ್ಟಿದ ತಂಗಿಯೂ ಅಲ್ಲೇ ಇದ್ದಳು. ಹೊಲಿದ ಗೊಂಬೆಗಳಿಗೆ ಹತ್ತಿ ತುಂಬುವ ಕೆಲಸ. ಹತ್ತಿ ಎಂದು ಕರೆಯುತ್ತಿದ್ದರು ಅಷ್ಟೆ, ಅದು ಹತ್ತಿಯ ಗಿಡದ ಮುಖವನ್ನೇ ಕಂಡಿರಲಿಲ್ಲ. ಯಂತ್ರದ ಪೈಪಿನಿಂದ ಭುಸ್ಸೆಂದು ಗಾಳಿಯ ಜೊತೆ ಬಂದು ಮೊಲದ ಹೊಟ್ಟೆ ಸೇರುತ್ತಿತ್ತು. ತಾಯಿ ತೀರಿಕೊಂಡಾಗ ತಂಗಿಗೆ ಇನ್ನೂ ಹಾಲುಹಲ್ಲು ಬಿದ್ದಿರಲಿಲ್ಲ. ಸಾಕಿದ್ದು ಅಕ್ಕ, ಮದುವೆ ಮಾಡಿದ್ದು ಅಕ್ಕ, ಕೈಹಿಡಿದು ಈ ಕೆಲಸಕ್ಕೆ ಸೇರಿಸಿದ್ದೂ ಅಕ್ಕ.

ಒಂದು ಸಂಜೆ ಬಸ್ಸಿನಲ್ಲಿ ಯಾರದೋ ಮಗು ತಂಗಿಯತ್ತ ಬೆರಳು ಮಾಡಿ, "ಅಮ್ಮಾ, ಮೊಲ!" ಎಂದು ಕಿರುಚಿತು. ತಲೆಯಿಂದ ಕಾಲಿನವರೆಗೆ ಗುಲಾಬಿ ರೋಮ ಮೆತ್ತಿಕೊಂಡು ನಿಂತಿದ್ದಳು ಪಾಪ. ಬಸ್ಸಿಗೆ ಬಸ್ಸೇ ನಕ್ಕಿತು. ತಂಗಿ ಕೂಡ ನಕ್ಕಳು, ಮನೆಗೆ ಬಂದು ಅತ್ತಳು. ಮರುದಿನ ಕೆಲಸ ಮುಗಿದ ಮೇಲೆ ಅಕ್ಕ ಹತ್ತಿ ತುಂಬುವ ಯಂತ್ರದ ಗಾಳಿ ಪೈಪನ್ನು ಕಿತ್ತು, ತಂಗಿಯನ್ನು ಗೋಡೆಗೆ ನಿಲ್ಲಿಸಿ, "ಕಣ್ಣು ಮುಚ್ಚೇ, ಬಾಯೂ ಮುಚ್ಚು, ಒಂದು ದಿನವಾದ್ರೂ ಮುಚ್ಚು," ಎಂದು ನೆತ್ತಿಯಿಂದ ಪಾದದವರೆಗೆ ಗಾಳಿ ಹೊಡೆದಳು. ರೋಮವೆಲ್ಲ ಹಾರಿಹೋಗಿ ತಂಗಿ ಫಳಫಳ ಹೊಳೆಯತೊಡಗಿದಳು. ನೋಡಿದವರೆಲ್ಲ "ನನಗೂ ಅಕ್ಕಾ, ನನಗೂ!" ಎಂದು ಸಾಲಾಗಿ ನಿಂತರು. ಅವತ್ತಿನಿಂದ ಅದು ದಿನದ ರೂಢಿಯಾಯಿತು. ಗಾಳಿಸ್ನಾನ ಎಂದು ಹೆಸರನ್ನೂ ಇಟ್ಟರು. ಕಚಗುಳಿಗೆ ಕುಣಿಯುವವರೇನು, ಕಿರುಚುವವರೇನು! ಇಡೀ ದಿನದಲ್ಲಿ ಅವರು ಬಾಯ್ತುಂಬ ನಗುತ್ತಿದ್ದುದು ಆಗಲೇ. ಎಷ್ಟೋ ಸಲ ಯಜಮಾನರೂ ಕರಿ ಕೋಟು ಕೊಡವುತ್ತ ಬಂದು, "ಅಕ್ಕಾ, ನಂಗೊಂಚೂರು ಗಾಳಿ," ಎಂದು ಬೆನ್ನು ತಿರುಗಿಸಿ ನಿಲ್ಲುತ್ತಿದ್ದರು.

ತಂಗಿಗೆ ಕೆಮ್ಮು ಶುರುವಾದಾಗ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಅಲ್ಲಿ ಕೆಮ್ಮದವರು ಯಾರಿದ್ದರು? ಆದರೆ ಈ ಕೆಮ್ಮು ಹೋಗಲಿಲ್ಲ. ಮೆಟ್ಟಿಲು ಹತ್ತಿದರೆ ಏದುಸಿರು, ಮಾತಿಗೆ ಕೂತರೆ ಅರ್ಧದಲ್ಲೇ ಉಸಿರು ಕಟ್ಟುವುದು. ಕೊನೆಗೆ ಅಕ್ಕ ಅವಳನ್ನು ದೊಡ್ಡಾಸ್ಪತ್ರೆಗೆ ಎಳೆದುಕೊಂಡು ಹೋದಳು. ಶ್ವಾಸಕೋಶದ ಡಾಕ್ಟರಮ್ಮ ಗಂಟಲಿನಿಂದ ಸಣ್ಣ ನಳಿಗೆ ಇಳಿಸಿ, ಒಳಗನ್ನು ತೊಳೆದ ನೀರು ತೆಗೆದು ಪರೀಕ್ಷೆಗೆ ಕಳಿಸಿದರು. ಮುಂದಿನ ಸಲ ಹೋದಾಗ ಪರದೆಯ ಮೇಲೆ ಅದರ ಚಿತ್ರ ತೋರಿಸಿದರು. ಬೂದು ಬಣ್ಣದ ನಡುವೆ ಗುಲಾಬಿ ಎಳೆಗಳು. ಆ ಗುಲಾಬಿಯನ್ನು ಅಕ್ಕನಿಗೆ ಯಾರೂ ಪರಿಚಯ ಮಾಡಿಕೊಡಬೇಕಿರಲಿಲ್ಲ.

"ಇದು ಪ್ಲಾಸ್ಟಿಕ್," ಎಂದರು ಡಾಕ್ಟರಮ್ಮ.

"ಬಟ್ಟೆ ಅಲ್ವಾ ಮೇಡಂ?"

"ನೀರಿನ ಬಾಟಲಿ ಯಾವುದರಿಂದ ಮಾಡ್ತಾರೋ ಈ ಬಟ್ಟೆನೂ ಅದರಿಂದಲೇ ಮಾಡ್ತಾರಮ್ಮ. ಇದರ ಚೂರು ನನ್ನೊಳಗೂ ಇರತ್ತೆ, ನಿಮ್ಮೊಳಗೂ ಇರತ್ತೆ. ಜನರ ರಕ್ತದಲ್ಲೂ ಸಿಕ್ಕಿದೆ. ಅದರಿಂದ ಏನೇನಾಗತ್ತೆ ಅಂತ ಇನ್ನೂ ಹುಡುಕ್ತಾ ಇದಾರೆ, ನಂಗೂ ಪೂರ್ತಿ ಗೊತ್ತಿಲ್ಲ. ಆದ್ರೆ ದಿನಾ ಇಷ್ಟೊಂದು ಎಳ್ಕೊಂಡ್ರೆ ಶ್ವಾಸಕೋಶ ತಡ್ಕೊಳ್ಳಲ್ಲ, ಅದಂತೂ ಗೊತ್ತು. ಆ ಧೂಳಿನಿಂದ ದೂರ ಇದ್ರೆ ಸುಧಾರಿಸಬಹುದು. ಪೂರ್ತಿ ವಾಸಿಯಾಗತ್ತೆ ಅಂತ ಈಗಲೇ ಹೇಳಲಾರೆ. ಅಂದ ಹಾಗೆ, ಕೆಲಸ ಮುಗಿದ ಮೇಲೆ ಮೈಮೇಲಿಂದು ಹೇಗೆ ತೆಗೀತೀರಿ?"

"ನಮ್ಮಕ್ಕ ಗಾಳಿ ಹೊಡೀತಾಳೆ," ಎಂದಳು ತಂಗಿ. ಹೇಳುವಾಗ ದನಿಯಲ್ಲಿ ಹೆಮ್ಮೆಯೇ ಇತ್ತು.

ಡಾಕ್ಟರಮ್ಮ ಬರೆಯುವುದನ್ನು ನಿಲ್ಲಿಸಿದರು. "ಅಯ್ಯೋ, ಮೊದಲು ಅದನ್ನ ನಿಲ್ಲಿಸಿ. ಬಟ್ಟೆ ಮೇಲೆ ಸುಮ್ಮನೆ ಕೂತಿದ್ದನ್ನ ಎಬ್ಬಿಸಿ ಎಬ್ಬಿಸಿ ಮೂಗಿಗೆ ಕಳಿಸಿದ ಹಾಗಾಯ್ತಲ್ಲ!"

ದಾರಿಯುದ್ದಕ್ಕೂ ಅಕ್ಕನಿಗೆ ಬೈಯಲು ಒಂದು ಮಾತೂ ಹುಟ್ಟಲಿಲ್ಲ. ತಂಗಿ ಬಸ್ಸಿನ ಕಿಟಕಿಯ ಆಚೆ ನೋಡುತ್ತ ಕೂತಳು. ತಂಗಿಯ ಮನೆಯ ಬಾಗಿಲಲ್ಲಿ ಅಕ್ಕ ಏನೋ ಹೇಳಲು ಹೋದಳು. ತಂಗಿ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಅಲ್ಲಿಂದ ಅವಳು ಕೆಲಸಕ್ಕೂ ಬರಲಿಲ್ಲ, ಮಾತೂ ಬಂದ್.

ಡಾಕ್ಟರಮ್ಮ ಕಾರ್ಮಿಕ ಇಲಾಖೆಗೆ ವಿಷಯ ತಿಳಿಸಿದರು. ಇನ್‌ಸ್ಪೆಕ್ಟರು ವಿಚಾರಣೆಗೆ ಬರುತ್ತಾರೆ ಎಂದು ಗೊತ್ತಾದದ್ದೇ ತಡ, ಗೊಂಬೆಗಳಿಗೆ ಕಣ್ಣು ಕೂರಿಸುವ ಹಿರಿಯಾಕೆ, ಎಲ್ಲರೂ ಕಣ್ಣಜ್ಜಿ ಎಂದು ಕರೆಯುವ ಮುದುಕಿ, ಊಟದ ಹೊತ್ತಿಗೆ ಎಲ್ಲರನ್ನೂ ಗುಡ್ಡೆ ಹಾಕಿದಳು.

"ಗಾಳಿ ವಿಷಯ ಯಾರೂ ಬಾಯಿ ಬಿಡಕೂಡದು, ತಿಳೀತಾ? ಬಿಟ್ರೆ ಯಜಮಾನ್ರು ಅಕ್ಕನ ಮೇಲೆ ಗೂಬೆ ಕೂರಿಸಿ ಆರಾಮಾಗಿ ಕೈ ತೊಳ್ಕೋತಾರೆ. ಆ ಹುಡುಗಿ ಔಷಧಿಗೂ ದಿಕ್ಕಿರಲ್ಲ, ನಮ್ಮ ಧೂಳಿಗೂ ದಿಕ್ಕಿರಲ್ಲ."

ಮುದುಕಿ ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಎಲ್ಲರೂ ತಲೆಯಾಡಿಸಿದರು. ಅಕ್ಕ ಮಾತ್ರ ಡಬ್ಬಿ ಮುಚ್ಚಿ ಎದ್ದು ಹೋದಳು. ಅವತ್ತಿಡೀ ಅವಳು ಕತ್ತರಿಸಿದ ಕರಡಿಗಳೆಲ್ಲ ಕೆದರಿಕೊಂಡೇ ಇದ್ದವು.

ವಿಚಾರಣೆ ನಡೆದದ್ದು ಕತ್ತರಿಸುವ ಶೆಡ್ಡಿನಲ್ಲೇ. ಯಜಮಾನರು ಕೋಟು ಹಾಕಿಕೊಂಡು ಬಂದು ಮಾತಿಗೆ ನಿಂತರು. ಮಾಸ್ಕು ಕೊಟ್ಟಿದ್ದೇವೆ ಸಾರ್. ಬಟ್ಟೆ ನಾವು ಮಾಡುವುದಲ್ಲ, ಮಿಲ್ಲಿನಿಂದ ಬರುತ್ತದೆ. ಮಿಲ್ಲಿನವರನ್ನು ಕೇಳಿದರೆ ಅಂಗಡಿಯವರು ಉದ್ದ ರೋಮವೇ ಬೇಕು ಅನ್ನುತ್ತಾರಂತೆ. ಅಂಗಡಿಯವರನ್ನು ಕೇಳಿದರೆ ಮಕ್ಕಳಿಗೆ ಅದೇ ಇಷ್ಟವಂತೆ. ಕೇಳಿದಿರಾ ನ್ಯಾಯ? ಹೊರಳಿ ಹೊರಳಿ ತಪ್ಪೆಲ್ಲ ಕೊನೆಗೆ ತೊಟ್ಟಿಲಲ್ಲಿ ಮೊಲ ತಬ್ಬಿಕೊಂಡು ಮಲಗಿದ ಕೂಸಿನ ಮೇಲೆ ಬಂತು! ದೊಡ್ಡವರೆಲ್ಲ ಚೊಕ್ಕ.

"ಕಾರ್ಖಾನೇಲಿ ಬೇರೆ ಏನಾದ್ರೂ ಧೂಳು ಏಳೋ ಕೆಲಸ ನಡೀತಾ ಇತ್ತಾ?" ಇನ್‌ಸ್ಪೆಕ್ಟರು ಹೆಂಗಸರನ್ನು ಕೇಳಿದರು.

ಎಲ್ಲರೂ ನೆಲ ನೋಡಿದರು. ಕಣ್ಣಜ್ಜಿ ಅಕ್ಕನ ಸೆರಗು ಹಿಡಿದು ಜಗ್ಗಿದಳು. ಅಕ್ಕ ಸೆರಗು ಬಿಡಿಸಿಕೊಂಡು ಎದ್ದು ನಿಂತಳು.

"ಇತ್ತು ಸಾರ್. ದಿನಾ ಸಂಜೆ ಎಲ್ಲರ ಮೈಮೇಲೂ ಪೈಪಿಂದ ಗಾಳಿ ಹೊಡೀತಿದ್ದೆ. ಶುರು ಮಾಡಿದವಳು ನಾನೇ, ಯಾರೂ ಹೇಳಿಕೊಡಲಿಲ್ಲ. ನನ್ನ ತಂಗಿ ಎದೇಲಿ ಸೇರಿರೋದರಲ್ಲಿ ನನ್ನ ಪಾಲೂ ಇದೆ."

ಯಜಮಾನರ ಮುಖಕ್ಕೆ ಕಳೆ ಬಂತು. "ಕೇಳಿದ್ರಲ್ಲ ಸಾರ್! ಅವರೇ ಒಪ್ಕೊಂಡ್ರು. ನಮಗೆ ಇದು ಗೊತ್ತೇ ಇಲ್ಲ."

"ತಾಳಿ ಸಾರ್, ನನ್ನ ಮಾತು ಮುಗಿದಿಲ್ಲ." ಅಕ್ಕ ಯಜಮಾನರತ್ತ ತಿರುಗಿದಳು. "ನನ್ನ ಪಾಲು ನಾನು ಹೇಳಿದೆ, ಅದನ್ನ ಯಾರ ತಲೆಗೂ ಕಟ್ಟಲ್ಲ. ಆದ್ರೆ ಮೈಮೇಲೆ ಅಷ್ಟು ರೋಮ ಕೂರದೇ ಇದ್ದಿದ್ರೆ ನಾನು ಪೈಪು ಯಾಕೆ ಹಿಡೀತಿದ್ದೆ? ನಾನು ಹೊಡೀತಿದ್ದಿದ್ದು ಸಂಜೆ ಒಂದು ಗಳಿಗೆ. ಈ ತಲೆ ಮೇಲಿರೋ ಧೂಳೆಳೆಯೋ ಫ್ಯಾನು ಬೆಳಗಿಂದ ಸಂಜೆವರೆಗೂ ನಿಂತೇ ಇರತ್ತಲ್ಲ, ಅದು ಯಾರ ಪಾಲು?"

"ಅದು ಬಟ್ಟೇನೇ ಎಳೆಯತ್ತೆ ಸಾರ್, ಕರೆಂಟೂ ಸಿಕ್ಕಾಪಟ್ಟೆ ತಿನ್ನತ್ತೆ," ಎಂದು ಯಜಮಾನರು ತಿಪ್ಪೆ ಸಾರಿಸಲು ನೋಡಿದರು.

"ಹಾಕಿ ನೋಡೋಣ," ಎಂದರು ಇನ್‌ಸ್ಪೆಕ್ಟರು.

ಸ್ವಿಚ್ಚು ಒತ್ತಿದರು. ಫ್ಯಾನು ಗೊರ್ರೆಂದಿತು, ನಡುಗಿತು, ಯಾವ ಕಾಲದಿಂದಲೋ ಹೊಟ್ಟೆಯಲ್ಲಿ ಇಟ್ಟುಕೊಂಡಿದ್ದನ್ನೆಲ್ಲ ಒಮ್ಮೆಲೇ ಕಕ್ಕಿತು. ಗುಲಾಬಿ, ಕಂದು, ಬಿಳಿ, ಇದ್ದ ಬಣ್ಣವೆಲ್ಲ ಇನ್‌ಸ್ಪೆಕ್ಟರ ತಲೆಯ ಮೇಲೆ, ಯಜಮಾನರ ಕರಿ ಕೋಟಿನ ಮೇಲೆ. ಯಜಮಾನರು ಕಣ್ಣು ಮುಚ್ಚಿಕೊಂಡೇ, ಅಭ್ಯಾಸಬಲ ನೋಡಿ, ಬೆನ್ನು ತಿರುಗಿಸಿ ನಿಂತು, "ಅಕ್ಕಾ, ನಂಗೊಂಚೂರು ಗಾಳಿ..." ಎಂದುಬಿಟ್ಟರು.

ಕಣ್ಣಜ್ಜಿ ಬಾಯಿಗೆ ಸೆರಗು ತುರುಕಿಕೊಂಡು ಕಿಸಕ್ಕೆಂದಳು. ಇನ್‌ಸ್ಪೆಕ್ಟರು ರೆಪ್ಪೆಯ ಮೇಲಿನ ರೋಮ ಒರೆಸಿಕೊಳ್ಳುತ್ತ, "ಗೊತ್ತೇ ಇಲ್ಲ ಅಂದ್ರಲ್ಲ?" ಎಂದರು.

ಫ್ಯಾನು ರಿಪೇರಿಯಾಯಿತು. ತಂಗಿಯ ಔಷಧಿಯ ಭಾರ ಕಾರ್ಖಾನೆಯ ಮೇಲೆ ಬಿತ್ತು. ಗಾಳಿ ಪೈಪು ಬೀಗ ಹಾಕಿದ ಕಪಾಟು ಸೇರಿತು; ಈಗ ಮನೆಗೆ ಹೋಗುವ ಮುಂಚೆ ಎಲ್ಲರೂ ಕೆಲಸದ ಬಟ್ಟೆ ಅಲ್ಲೇ ಬಿಚ್ಚಿಟ್ಟು, ಒದ್ದೆ ಬಟ್ಟೆಯಲ್ಲಿ ಮೈಕೈ ಒರೆಸಿಕೊಳ್ಳುತ್ತಾರೆ. ಮಿಲ್ಲಿನವರಾಗಲಿ ಅಂಗಡಿಯವರಾಗಲಿ ಈ ಕಡೆ ತಲೆ ಹಾಕಲಿಲ್ಲ. ಉದ್ದ ರೋಮದ ಬಟ್ಟೆ ಎಂದಿನಂತೆ ಬರುತ್ತಲೇ ಇದೆ. ಅಷ್ಟು ದೊಡ್ಡ ಸಾಲಿನಲ್ಲಿ ಎದ್ದು ನಿಂತು ನನ್ನ ಪಾಲು ಇಷ್ಟು ಎಂದವಳು ಒಬ್ಬಳೇ, ಅದೂ ಎಲ್ಲರಿಗಿಂತ ಕಡಿಮೆ ಪಾಲಿನವಳು. ಅವಳನ್ನು ಮೆಚ್ಚದೆ ಇನ್ನಾರನ್ನು ಮೆಚ್ಚಬೇಕು ಹೇಳಿ!

ಆದರೆ ಊರೆಲ್ಲ ಮೆಚ್ಚಿದರೂ ಅಕ್ಕನಿಗೆ ಬೇಕಾದವಳು ಮಾತಾಡುತ್ತಿರಲಿಲ್ಲ. ದಿನಾ ಕೆಲಸ ಮುಗಿಸಿ, ಮನೆಗೆ ಹೋಗಿ ಸ್ನಾನ ಮಾಡಿ, ಒಗೆದ ಸೀರೆ ಉಟ್ಟು ತಂಗಿಯ ಮನೆಗೆ ಹೋಗುತ್ತಿದ್ದಳು. ತಂಗಿಯ ಗಂಡ ಬಾಗಿಲು ತೆಗೆಯುತ್ತಿದ್ದ. ತಂಗಿ ಕಿಟಕಿಯ ಪಕ್ಕದ ಮಂಚದಲ್ಲಿ ಒರಗಿರುತ್ತಿದ್ದಳು. ಅಕ್ಕ ಕೊಟ್ಟ ಮಾತ್ರೆ ನುಂಗುತ್ತಿದ್ದಳು, ನೀರು ಕುಡಿಯುತ್ತಿದ್ದಳು, ಮುಖ ಆಚೆ ತಿರುಗಿಸುತ್ತಿದ್ದಳು. ಅಕ್ಕ ಒಂದಷ್ಟು ಹೊತ್ತು ಅವಳ ಉಸಿರಾಟ ಕೇಳಿಸಿಕೊಳ್ಳುತ್ತ ಕೂತು ಎದ್ದು ಬರುತ್ತಿದ್ದಳು. ಹೀಗೇ ತಿಂಗಳುಗಳು ಉರುಳಿದವು.

ಒಂದು ಸಂಜೆ ತಂಗಿ ಗೋಡೆ ನೋಡಿಕೊಂಡೇ ಕೇಳಿದಳು, "ಅವತ್ತು ಅಲ್ಲಿ ಇನ್ಯಾರಾದ್ರೂ ಅಂದ್ರಾ, ನಮ್ಮದೂ ತಪ್ಪಿದೆ ಅಂತ?"

"ಇಲ್ಲ ಕಣೆ."

"ಯಜಮಾನ್ರು?"

"ಊಹೂಂ. ಫ್ಯಾನು ಸರಿ ಮಾಡಿಸಿದ್ರು. ತಪ್ಪು ಅಂತ ಬಾಯಲ್ಲಿ ಬರಲಿಲ್ಲ."

"ಬಟ್ಟೆ ಮಿಲ್ಲಿನೋರು?"

"ಅವರ ಮುಖ ಹೇಗಿದೆ ಅಂತ ನಂಗೂ ಗೊತ್ತಿಲ್ಲ."

ತಂಗಿ ಈ ಕಡೆ ತಿರುಗಿದಳು. "ನೋಡು ಮತ್ತೆ. ನಂಗೆ ಎಲ್ಲರ ಮೇಲೂ ಸಿಟ್ಟಿದೆ. ಆದ್ರೆ ಕೈಗೆ ಸಿಕ್ಕಿರೋಳು ನೀನೊಬ್ಳೇ. ಅವರಿಗೆಲ್ಲ ಬೈಬೇಕಾದ್ದನ್ನೂ ನಿಂಗೇ ಬೈಬೇಕು."

"ಬೈಯೇ ಮಾರಾಯ್ತಿ," ಎಂದಳು ಅಕ್ಕ. ಅವಳ ಕಣ್ಣಲ್ಲಿ ನೀರಾಡಿತು. "ಅದಕ್ಕೇ ತಾನೇ ದಿನಾ ಬಂದು ಕೂರ್ತಿರೋದು."

ತಂಗಿ ಶುರುಮಾಡಿದಳು. ಬೈಗುಳ ಕಲಿತದ್ದು ಯಾರಿಂದ ಮತ್ತೆ! ಗಾಳಿ ಪೈಪಿನಿಂದ ಹಿಡಿದು, ಕೇಳದೆ ಕಾರ್ಖಾನೆಗೆ ಸೇರಿಸಿದ್ದು, ಚಿಕ್ಕಂದಿನಲ್ಲಿ ಚರ್ಮ ಕಿತ್ತುಬರುವ ಹಾಗೆ ತಲೆ ಬಾಚುತ್ತಿದ್ದದ್ದು, ಯಾವಾಗಲೂ ತಾನು ಹೇಳಿದ್ದೇ ಸರಿ ಅನ್ನುವುದು, ಅಲ್ಲಿಂದ ಯಜಮಾನರು, ಮಿಲ್ಲು, ಅಂಗಡಿ, ಬಸ್ಸಿನಲ್ಲಿ ನಕ್ಕವರು, ಒಬ್ಬರನ್ನೂ ಬಿಡಲಿಲ್ಲ. ದನಿ ಏರಿತು, ಮುಖ ಕೆಂಪಾಯಿತು. ಅಕ್ಕ ತಲೆ ತಗ್ಗಿಸಿ ಕೇಳಿಸಿಕೊಂಡಳು. ನಡುವೆ ಒಂದು ಕಡೆ ತಂಗಿ ಉಸಿರೆಳೆದುಕೊಳ್ಳಲು ನಿಂತಳು. ಈಗ ಬರುತ್ತದೆ ಕೆಮ್ಮು ಎಂದು ಅಕ್ಕ ನೀರಿನ ಲೋಟಕ್ಕೆ ಕೈ ಹಾಕಿದಳು.

ಕೆಮ್ಮು ಬರಲಿಲ್ಲ.

"ಇನ್ನೂ ಇದೆಯೇನೇ?" ಎಂದು ಅಕ್ಕ ಮೆಲ್ಲಗೆ ಕೇಳಿದಳು.

"ಇದೆ. ಬೇಕಾದಷ್ಟಿದೆ."

"ಹಾಗಾದ್ರೆ ನಿಲ್ಲಿಸಬೇಡ ಕಣೆ," ಎಂದಳು ಅಕ್ಕ.