ಆದಿವಾಲದ ಹೆಸರಿನ ಜೇಡ

1998ರ ಕಾರ್ತಿಕದ ಒಂದು ಸೋಮವಾರ, ಬೆಳಿಗ್ಗೆ ಆರೂವರೆಗೆ, ನಾನು ಹಿರಿಯೂರು ತಾಲ್ಲೂಕಿನ ಆದಿವಾಲದ ಕಾಲುವೆ ದಂಡೆಯ ಮೇಲೆ, ತೂಬಿನಿಂದ ಹತ್ತು ಹೆಜ್ಜೆ ಈಚೆಗೆ ನಿಂತಿದ್ದೆ. ಇಷ್ಟು ಕರಾರುವಾಕ್ಕಾಗಿ ಹೇಳಲು ಕಾರಣವಿದೆ. ನನ್ನ ಎರಡು ವರ್ಷದ ಪಾಂಡಿತ್ಯ ಕಾಲುವೆಯ ಪಾಲಾದದ್ದು ಅಲ್ಲಿಯೇ.

ನಾನು ಕಾಲೇಜಿನಲ್ಲಿ ಪ್ರಾಣಿಶಾಸ್ತ್ರದ ಮೇಷ್ಟ್ರು. ಬಿಡುವಿನಲ್ಲಿ ಉದ್ದ ದವಡೆಯ ಜೇಡಗಳ ಹಿಂದೆ ಬಿದ್ದಿದ್ದೆ. ನೀರಿನ ಪಕ್ಕದ ಹುಲ್ಲಿನಲ್ಲಿ ಕಾಲುಗಳನ್ನು ಹಿಂದಕ್ಕೂ ಮುಂದಕ್ಕೂ ಚಾಚಿ, ತಾನೂ ಒಂದು ಹುಲ್ಲುಕಡ್ಡಿಯೆಂದು ನಂಬಿಸುವ ಜೀವ ಅದು. ಮೇಲ್ನೋಟಕ್ಕೆ ಎಲ್ಲವೂ ಒಂದೇ. ಹಾಗಾಗಿ ಈ ಕುಲದಲ್ಲಿ ಯಾವುದು ಯಾವುದೆಂದು ವಿಂಗಡಿಸಲು ದವಡೆಯ ಹಲ್ಲು ನೋಡಬೇಕು. ಸಂತೆಯಲ್ಲಿ ಹೋರಿಯ ಬಾಯಿ ಬಿಡಿಸಿ ಹಲ್ಲು ನೋಡುವವರಿಗೂ ನನಗೂ ಇದ್ದ ವ್ಯತ್ಯಾಸವೆಂದರೆ, ಅವರ ಹೋರಿಗೆ ಜೀವವಿರುತ್ತಿತ್ತು. ನಾನು ಹಿಡಿದ ಕೂಡಲೇ ಸ್ಪಿರಿಟ್ಟಿನ ಶೀಶೆಗೆ ಹಾಕಿ, ಆಮೇಲೆ ಭೂತಗನ್ನಡಿ ಹಿಡಿಯುತ್ತಿದ್ದೆ.

ಹೀಗೆ ಎರಡು ಶೀಶೆ ತುಂಬಿದವು. ಒಂದರಲ್ಲಿ ದಪ್ಪ ಹೊಟ್ಟೆಯ ಹೆಣ್ಣುಗಳು. ಅವುಗಳ ವಿವರ ಪುಸ್ತಕದಲ್ಲಿತ್ತು, ಅವುಗಳ ಗಂಡಿನದು ಇರಲಿಲ್ಲ. ಇನ್ನೊಂದರಲ್ಲಿ ಸಣಕಲು ಗಂಡುಗಳು, ದವಡೆ ಇನ್ನೂ ಉದ್ದ, ಅದರ ಮೇಲೊಂದು ಕವಲೊಡೆದ ಮುಳ್ಳು. ಹೊಸ ಪ್ರಭೇದವೇ ಸರಿ ಎಂದುಕೊಂಡೆ. ಮೊದಲನೆಯದರ ಗಂಡು ಸಿಕ್ಕಿಲ್ಲ, ಎರಡನೆಯದರ ಹೆಣ್ಣು ಸಿಕ್ಕಿಲ್ಲ ಎಂದು ಲೇಖನದಲ್ಲಿ ಬರೆದೆ. ಎರಡನ್ನೂ ಒಂದೇ ಪುಟದಲ್ಲಿ ಬರೆದರೂ ನನಗೇನೂ ಹೊಳೆಯಲಿಲ್ಲ.

ಹೊಸದಕ್ಕೆ ಆದಿವಾಲದ ಹೆಸರಿಡುತ್ತೇನೆಂದು ಕಾಲುವೆ ಪಕ್ಕದ ಹೊಲದ ಗಂಗಮ್ಮನವರಿಗೆ ಹೇಳಿದ್ದೆ. ಅವರು ಊರಿಗೆಲ್ಲ ಹೇಳಿದ್ದರು. ಲೇಖನ ಲಕೋಟೆ ಸೇರಿತ್ತು; ಅಂದೇ ಅಂಚೆಗೆ ಹಾಕುವುದಿತ್ತು. ಕೊನೆಯದಾಗಿ ಇನ್ನೊಂದು ಗಂಡು ಸಿಕ್ಕೀತೇ ಎಂದು ಬಂದಿದ್ದೆ.

ಸಿಕ್ಕಿತು. ಆದರೆ ಅದು ದಪ್ಪ ಹೊಟ್ಟೆಯದೊಂದರ ಎದುರಿಗೆ ನಡೆದು ಬಂತು. ಎರಡೂ ದವಡೆ ಅಗಲಿಸಿ ಒಂದನ್ನೊಂದು ಕಚ್ಚಿ ಹಿಡಿದವು. ಜಗಳವೆಂದು ಬಿಡಿಸಲು ಇಕ್ಕಳ ಚಾಚಿದೆ.

“ಏ ಮೇಷ್ಟ್ರೆ, ಕೈ ತೆಗೀರಿ!” ಗಂಗಮ್ಮ ಹುಲ್ಲಿನ ಹೊರೆಯೊಂದಿಗೆ ಹಿಂದೆ ನಿಂತಿದ್ದರು. “ಗಂಡ ಹೆಂಡ್ತಿ ನಡುವೆ ಇಕ್ಕಳ ಹಾಕ್ತೀರಲ್ರಿ! ಅವ್ಳು ಎಲ್ಲಿ ತಿಂದುಬಿಡ್ತಾಳೋ ಅಂತ ಅವ್ನು ಬಾಯಿ ಹಿಡ್ಕಂಡವ್ನೆ.”

ಬಗ್ಗಿ ನೋಡಿದೆ. ಆ ಕವಲು ಮುಳ್ಳು ಹೆಣ್ಣಿನ ಕೋರೆಯನ್ನು ತಡೆದು ಹಿಡಿದಿತ್ತು. ನನ್ನ ಎರಡು ಶೀಶೆಗಳಲ್ಲಿದ್ದದ್ದು ಒಂದೇ ಸಂಸಾರ.

“ನೀವು ಇದನ್ನ ಮೊದಲೇ ನೋಡಿದ್ರಾ?”

“ಹುಲ್ಲು ಕೊಯ್ಯಾಕೆ ಬಂದಾಗೆಲ್ಲ ಕಾಣ್ತಾವೆ. ನೀವು ಕೇಳಿದ್ರೇನ್ರಿ?” ಹೊರೆ ಇಳಿಸಿ ಅಂದರು, “ಹಂಗಾರೆ ನಮ್ಮೂರ ಹೆಸ್ರು?”

ಲಕೋಟೆ ಹಾಗೇ ಹೋದರೆ ಬಹಳ ಕಾಲ ಯಾರಿಗೂ ತಿಳಿಯುವುದಿಲ್ಲ ಎಂಬ ಯೋಚನೆ ಬರಲಿಲ್ಲವೆಂದರೆ ಸುಳ್ಳಾದೀತು. ಗಂಗಮ್ಮ ನನ್ನ ಮುಖವನ್ನೇ ನೋಡುತ್ತಿದ್ದರು.

“ಸುಳ್ಳು ಹೆಸ್ರು ಬ್ಯಾಡ ಬಿಡ್ರಿ. ಊರಾಗೆ ನಾನೇ ಹೇಳ್ಕಂತೀನಿ, ಮೇಷ್ಟ್ರಿಗೆ ಗಂಡನ್ನ ಗುರ್ತು ಹಿಡಿಯಾಕೆ ಬರಲಿಲ್ಲ ಅಂತ.”

ಆ ರಾತ್ರಿಯೇ ಲೇಖನ ತಿದ್ದಿದೆ. ಹೊಸ ಪ್ರಭೇದ ಹೋಯಿತು, ಹಳೆಯ ಹೆಣ್ಣಿಗೆ ಗಂಡ ಸಿಕ್ಕಿದ. ಅಂದು ಅದನ್ನು ಕಂಡವರು ನಾವಿಬ್ಬರೇ. ಗಂಗಮ್ಮ ಈಗಲೂ ಆದಿವಾಲದಲ್ಲಿದ್ದಾರೆ. ಸಂಶಯವಿದ್ದವರು ಹೋಗಿ ಕೇಳಬಹುದು; ನಾನು ಇಲ್ಲಿ ಬರೆದದ್ದಕ್ಕಿಂತ ನನ್ನನ್ನು ತುಸು ಹೆಚ್ಚೇ ದಡ್ಡನನ್ನಾಗಿ ಮಾಡಿ ಹೇಳುತ್ತಾರೆ. ಅವರ ಮಾತನ್ನೇ ನಂಬಿ.