ಮೇಷ್ಟ್ರ ತಲೆಗೆ ಬಿಟ್ಟ ವೈರಸ್

ಕಾರು ಕಲಿಸುವ ಮೇಷ್ಟ್ರಿಗೆ ಶಿಷ್ಯರು ಇಟ್ಟ ಹೆಸರು ‘ಗುಡುಗಪ್ಪ’. ಹಾಗಾಗಿ ಒಂದು ಬೆಳಿಗ್ಗೆ ಅವರು “ಎಡಕ್ಕೆ” ಎನ್ನುತ್ತ ಬಲಕ್ಕೆ ಕೈ ತೋರಿಸಿ, ಎಡಕ್ಕೇ ತಿರುಗಿಸಿದ ಶಿಷ್ಯೆ ನರ್ಸಮ್ಮನನ್ನು ಬಾಯಿಗೆ ಬಂದಂತೆ ಬೈದದ್ದು ಹೊಸದೇನಲ್ಲ. ಆಕೆ ಮಾತ್ರ ಕಾರು ನಿಲ್ಲಿಸಿ, “ಸಾರ್, ಮೊದಲು ತಲೆ ತೋರಿಸ್ಕೊಳ್ಳಿ” ಎಂದಳು. ಅದಕ್ಕೂ ಬೈಗುಳವೇ ಸಿಕ್ಕಿತು.

ಕೊನೆಗೆ ಸ್ಕ್ಯಾನ್ ಮಾಡಿಸಿದಾಗ ಕಂಡದ್ದು ಮೆದುಳಿನಲ್ಲಿ ಗಡ್ಡೆ. ಅದೂ ಮರ್ಯಾದೆಯಿಂದ ಒಂದೆಡೆ ಕೂರುವಂಥದಲ್ಲ, ಬೇರು ಬಿಟ್ಟು ಹಬ್ಬುವಂಥದು.

“ಸಿಕ್ಕಷ್ಟು ಕತ್ತರಿಸಿ ತೆಗೀತೀವಿ,” ಎಂದರು ಲೇಡಿ ಡಾಕ್ಟರು. “ಉಳಿದ ಜಾಗಕ್ಕೆ ಪಳಗಿಸಿದ ವೈರಸ್ ಬಿಡ್ತೀವಿ. ಅದು ಗಡ್ಡೆಯ ಕೋಶಗಳೊಳಗೆ ಒಂದು ಜೀನ್ ಸೇರಿಸುತ್ತೆ. ಆಮೇಲೆ ನೀವು ನುಂಗೋ ಮಾತ್ರೆ ಆ ಕೋಶಗಳಲ್ಲಿ ವಿಷ ಆಗುತ್ತೆ. ಇನ್ನೂ ಪ್ರಯೋಗ ಇದು. ಬೆಳೆಯೋದು ನಿಧಾನ ಆಗಬಹುದು, ಆಗದೇನೂ ಇರಬಹುದು.”

ಮೇಷ್ಟ್ರು ಒಪ್ಪಿದರು. ಆಪರೇಷನ್ ಮುಗಿಸಿ ಮನೆಗೆ ಬಂದಾಗ, ಮೊಬೈಲ್ ನೋಡಿಯೇ ವೈದ್ಯನಾಗಿದ್ದ ಹೆಂಡತಿಯ ತಮ್ಮ ಬಾಗಿಲಾಚೆ ನಿಂತು, “ಭಾವ, ಈ ವೈರಸ್ಸು ನಮಗೂ ಅಂಟುತ್ತಾ?” ಎಂದ.

“ಮೆದುಳು ಇರೋರಿಗೆ ಮಾತ್ರ. ನೀನು ಧೈರ್ಯವಾಗಿ ಬಾರಯ್ಯ.”

ಅವನು ಬರಲಿಲ್ಲ. ಬಂಧುಬಳಗವೂ ಇತ್ತ ತಲೆ ಹಾಕಲಿಲ್ಲ. ಮನೆ ತಣ್ಣಗಿತ್ತು.

ಗಡ್ಡೆಯ ಓಟ ನಿಜಕ್ಕೂ ತಗ್ಗಿತು. ಆಸ್ಪತ್ರೆಯ ಮುಖ್ಯಸ್ಥರು ಕೋಟು ತೊಟ್ಟು ಪತ್ರಕರ್ತರನ್ನು ಕರೆಸಿ, “ರೋಗ ಗೆದ್ದ ವೀರ!” ಎಂದು ಮೇಷ್ಟ್ರ ಬೆನ್ನು ತಟ್ಟಿದರು.

“ಗೆದ್ದಿಲ್ಲ ಸಾರ್, ಒಳಗೇ ಇದೆ. ನಿಧಾನ ಆಗಿದೆ ಅಷ್ಟೆ,” ಎಂದರು ಮೇಷ್ಟ್ರು.

ಪತ್ರಿಕೆಯಲ್ಲಿ ‘ಗೆದ್ದ’ ಎಂದೇ ಬಂತು. ಬಂಧುಗಳು ಹೂಗುಚ್ಛ ಹಿಡಿದು ಫೋಟೊಗೆ ಓಡಿ ಬಂದರು, ಹೆಂಡತಿಯ ತಮ್ಮ ಎಲ್ಲರಿಗಿಂತ ಮುಂದೆ.

ಮೇಷ್ಟ್ರು ಇನ್ನು ಕಾರು ಓಡಿಸುವಂತಿರಲಿಲ್ಲ. ಊರಿಗೆಲ್ಲ ಕಲಿಸಿದವರು ಹೆಂಡತಿಗೆ ಮಾತ್ರ “ನಿನ್ನ ಕೈಲಾಗಲ್ಲ” ಎಂದು ಸ್ಟಿಯರಿಂಗ್ ಮುಟ್ಟಲು ಬಿಟ್ಟಿರಲಿಲ್ಲ. ಈಗ ವಿಧಿಯಿಲ್ಲದೆ ಕಲಿಸಲು ಕೂತರು, ಕೂತವರೇ ಗುಡುಗಿದರು. ಆಕೆ ಕಾರನ್ನು ರಸ್ತೆಯಂಚಿಗೆ ತಂದು ನಿಲ್ಲಿಸಿದಳು.

“ಇಳೀರಿ.”

“ಏನಂದೆ?”

“ಕೂಗೋದಾದ್ರೆ ಇಳಿದು ನಡ್ಕೊಂಡ್ ಬನ್ನಿ.”

ಮೇಷ್ಟ್ರು ಬಾಯಿ ಮುಚ್ಚಿಕೊಂಡರು. ಆಕೆ ಬೇಗನೆ ಕಲಿತಳು.

ಒಂದು ವರ್ಷ ಹೀಗೆ ನಡೆಯಿತು. ಆಮೇಲೆ ಗಡ್ಡೆ ಮತ್ತೆ ಚಿಗುರಿತು, ಮಾತುಗಳು ಒಂದೊಂದಾಗಿ ಕೈಕೊಟ್ಟವು. ಪ್ರತಿ ಬಾರಿಯೂ ಆಸ್ಪತ್ರೆಗೆ ಹೆಂಡತಿಯೇ ಕರೆದೊಯ್ದಳು. ಕೊನೆಯ ಸಲ ಎರಡು ವ್ಯಾನುಗಳ ನಡುವಿನ ಇಕ್ಕಟ್ಟಿನಲ್ಲಿ ಹಿಮ್ಮುಖವಾಗಿ ನಾಜೂಕಾಗಿ ಕಾರು ನಿಲ್ಲಿಸಿದಾಗ, ಮೇಷ್ಟ್ರು ಎರಡೂ ಬದಿ ನೋಡಿ, ಬಹಳ ಹೊತ್ತು ಪದ ಹುಡುಕಿ, “ಪರವಾಗಿಲ್ಲ” ಎಂದರು.

“ಇಷ್ಟು ಹೇಳೋಕೆ ಇಷ್ಟು ವರ್ಷ ಬೇಕಾಯ್ತಾ?” ಎಂದು ಆಕೆ ಗದರಿದಳು. ಕಾರಿನಿಂದ ಇಳಿಯಲು ಮಾತ್ರ ಆಕೆಗೂ ಸ್ವಲ್ಪ ಹೊತ್ತು ಹಿಡಿಯಿತು.